ದಫ್ತರದಿಂದ ಕಂಪ್ಯೂಟರಿಗೆ: ಬರೆಯುವವನ ಅಮಾನತ್ತು



ನಮ್ಮ ಕಚೇರಿಗಳ ಕನ್ನಡದಲ್ಲಿ ಅರಬ್ಬಿ ಮತ್ತು ಫಾರಸಿಯಿಂದ ಬಂದ ಶಬ್ದಗಳು ಎಷ್ಟೋ ಇವೆ. ಜಮೀನು, ತಹಶೀಲ್ದಾರ, ದಫ್ತರ, ದಾಖಲೆ, ಅಸಲು, ನಕಲು ಇವನ್ನೆಲ್ಲ ಬಿಟ್ಟು ಖಾನಾಪುರದ ತಹಶೀಲ್ದಾರ ಕಚೇರಿಗಾಗಲಿ, ಬೆಳಗಾವಿಯ ಜಿಲ್ಲಾಧಿಕಾರಿ ಕಚೇರಿಗಾಗಲಿ ಒಂದು ಅರ್ಜಿ ಬರೆಯುವುದು ಕಷ್ಟ. ಇವುಗಳಲ್ಲಿ 'ಅಮಾನತು' ಎಂಬ ಶಬ್ದದ ಕಥೆ ಸ್ವಲ್ಪ ಬೇರೆ. ನೌಕರನೊಬ್ಬನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಟ್ಟರೆ 'ಅಮಾನತು ಮಾಡಿದರು' ಎನ್ನುತ್ತೇವೆ. ಆದರೆ ಅದರ ಮೂಲ ಅರ್ಥ, ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು ಎಂದು. ಎರಡು ಅರ್ಥಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಮಾನತ್ತನ್ನು ಕಾಯಲಾರದವನು ಅಮಾನತ್ತಿನಲ್ಲಿ ಇರಬೇಕಾಗುತ್ತದೆ ಎಂದು ಆ ಶಬ್ದವೇ ಹೇಳುವಂತಿದೆ.

ಇಂದು ನಮ್ಮ ಸಮುದಾಯದ ನೂರಾರು ಮಕ್ಕಳು ಕಂಪ್ಯೂಟರ್ ಕಲಿಯುತ್ತಿದ್ದಾರೆ. ಕೆಲವರು ಎಂಜಿನಿಯರಿಂಗ್ ಓದುತ್ತಾರೆ, ಕೆಲವರು ಬಿ.ಸಿ.ಎ. ಮುಗಿಸಿ ಬೆಂಗಳೂರು, ಪುಣೆಗೆ ಹೋಗುತ್ತಾರೆ, ಕೆಲವರು ಊರಲ್ಲೇ ಡೇಟಾ ಎಂಟ್ರಿ ಕೆಲಸ ಹಿಡಿಯುತ್ತಾರೆ. ಇವರೆಲ್ಲರ ಕೈಗೂ ಜನರ ಹೆಸರು, ಜಮೀನು, ಅಂಕಪಟ್ಟಿ, ಪಿಂಚಣಿ ಬರುತ್ತದೆ. ಕಂಪ್ಯೂಟರ್ ಬಂದಾಗ ಬರೆಯುವವನ ಹೊಣೆ ಯಂತ್ರಕ್ಕೆ ಹೋಯಿತು ಎಂದು ತಿಳಿದವರಿದ್ದಾರೆ. ಆದರೆ ಇತಿಹಾಸ ಹೇಳುವುದು ಬೇರೆ. ಹೊಣೆ ಮನುಷ್ಯನಲ್ಲೇ ಉಳಿಯಿತು, ಅದರ ತೂಕ ಮಾತ್ರ ಹೆಚ್ಚಿತು. ನಮ್ಮ ಸೀಮೆಯ ರೈತರೆಲ್ಲ ಬಲ್ಲ ಒಂದು ಕಾಗದದ, ಅಂದರೆ ಪಹಣಿಯ ಕಥೆಯ ಮೂಲಕ ಇದನ್ನು ನೋಡೋಣ.

ಕಾತಿಬನಿಗೆ ಕೊಟ್ಟ ಆದೇಶ

ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಯಾವುದರ ಬಗ್ಗೆ ಇದೆ ಎಂದು ಕೇಳಿದರೆ ಅನೇಕರು ನಮಾಝ್ ಎನ್ನಬಹುದು, ಉಪವಾಸ ಎನ್ನಬಹುದು. ಅದು ಇರುವುದು ಲೆಕ್ಕಪತ್ರದ ಬಗ್ಗೆ. ಅಲ್‌ಬಕರ ಅಧ್ಯಾಯದ 282ನೇ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸುತ್ತದೆ. ಅಲ್ಲಿ ಕಾತಿಬ, ಅಂದರೆ ಬರೆಯುವವನಿಗೆ ನೇರ ಸೂಚನೆಗಳಿವೆ. ಅವನು ನ್ಯಾಯದಿಂದ ಬರೆಯಬೇಕು. ವಿದ್ಯೆ ಅಲ್ಲಾಹನು ಕೊಟ್ಟದ್ದಾದ್ದರಿಂದ ಬರೆಯಲು ನಿರಾಕರಿಸಬಾರದು. ಮೊತ್ತ ಸಣ್ಣದಾದರೂ ದೊಡ್ಡದಾದರೂ ಬೇಸರಪಡಬಾರದು. ಸಾಕ್ಷಿಗಳಿರಬೇಕು. ಬರೆಯುವವನಿಗೂ ಸಾಕ್ಷಿಗೂ ಯಾರೂ ತೊಂದರೆ ಕೊಡಬಾರದು.

ಇವೆಲ್ಲಕ್ಕಿಂತ ಗಮನಿಸಬೇಕಾದ ಮಾತು ಇನ್ನೊಂದಿದೆ. ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ತೀರಿಸಬೇಕಾದವನು. ಅವನು ಅಶಕ್ತನಾಗಿದ್ದರೆ ಅವನ ಪರವಾಗಿ ಪೋಷಕನು ನ್ಯಾಯದಿಂದ ಬರೆಸಬೇಕು. ಅಂದರೆ ಯಾರ ಮೇಲೆ ಆ ಬರಹದ ಭಾರ ಬೀಳುತ್ತದೆಯೋ ಅವನಿಗೆ ಗೊತ್ತಿಲ್ಲದೆ ಅದು ತಯಾರಾಗಬಾರದು. ಈ ಒಂದು ಸೂತ್ರವನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬೇಕಾಗುತ್ತದೆ.

ಇನ್ನೊಂದು ಸಂಗತಿ. ಕಂಪ್ಯೂಟರ್ ವಿದ್ಯಾರ್ಥಿಗಳು ದಿನವೂ ಬಳಸುವ 'ಅಲ್ಗಾರಿದಮ್' ಎಂಬ ಶಬ್ದ 9ನೇ ಶತಮಾನದ ಬಾಗ್ದಾದಿನ ವಿದ್ವಾಂಸ ಅಲ್‌ಖ್ವಾರಿಝ್ಮಿ ಅವರ ಹೆಸರಿನಿಂದ ಹುಟ್ಟಿದ್ದು. ಬೀಜಗಣಿತದ ಮೇಲೆ ಅವರು ಬರೆದ ಗ್ರಂಥದ ದೊಡ್ಡ ಭಾಗ ಇರುವುದು ಉಯಿಲು ಮತ್ತು ವಾರಸಾ ಹಂಚಿಕೆಯ ಲೆಕ್ಕಗಳ ಮೇಲೆ. ಆಸ್ತಿ ಹಂಚುವುದು, ವ್ಯಾಪಾರ, ಜಮೀನು ಅಳೆಯುವುದು, ಕಾಲುವೆ ತೋಡುವುದು ಇಂಥ ನಿತ್ಯದ ಕೆಲಸಗಳಿಗೆ ನೆರವಾಗಲೆಂದೇ ಅವರು ಅದನ್ನು ರಚಿಸಿದರು. ತಂದೆ ತೀರಿಕೊಂಡ ಮೇಲೆ ಮಗಳಿಗೆ ಬರಬೇಕಾದ ಪಾಲು ಅವಳಿಗೇ ಬರಲಿ ಎಂಬುದೂ ಆ ಲೆಕ್ಕದ ಗುರಿಗಳಲ್ಲಿ ಒಂದು.

ನಮ್ಮ ಸೀಮೆಯ ದಫ್ತರ

ಈಗ ನಮ್ಮೂರಿಗೆ ಬರೋಣ. ಬೆಳಗಾವಿ ಕೋಟೆಯೊಳಗಿನ ಸಫಾ ಮಸೀದಿಯನ್ನು 1519ರಲ್ಲಿ ಕಟ್ಟಿಸಿದ ಅಸದ್ ಖಾನ್ ಲಾರಿ ಬಿಜಾಪುರದ ಆದಿಲಶಾಹಿಗಳ ಸರದಾರ. ಅವನ ದೊರೆಗಳಲ್ಲಿ ಒಬ್ಬನಾದ ಒಂದನೇ ಇಬ್ರಾಹಿಂ ಆದಿಲ್ ಶಾಹ್ (1534–1558) ಕಂದಾಯದ ಲೆಕ್ಕಪತ್ರಗಳನ್ನು ಫಾರಸಿಯಿಂದ ದೇಶಭಾಷೆಗೆ ತಂದನೆಂದು ಇತಿಹಾಸಕಾರ ಫರಿಶ್ತಾ ದಾಖಲಿಸಿದ್ದಾನೆ. ಸ್ಥಳೀಯ ಬ್ರಾಹ್ಮಣ ಲೆಕ್ಕಿಗರ ಕೈಗೆ ದಫ್ತರ ಬಂತು. ಆಡಳಿತದ ಅನುಕೂಲ ಇದರಲ್ಲಿ ಇದ್ದೇ ಇತ್ತು. ಆದರೂ ಲೆಕ್ಕ ಊರಿನ ಮಾತಿಗೆ ಹತ್ತಿರ ಬಂದದ್ದು ಸಣ್ಣ ಸಂಗತಿಯಲ್ಲ.

1818ರಲ್ಲಿ ಪೇಶ್ವೆಗಳ ಆಡಳಿತ ಮುಗಿದು ಈ ಪ್ರದೇಶ ಇಂಗ್ಲಿಷರ ಕೈಸೇರಿತು. 1840ರ ದಶಕದಲ್ಲಿ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಬೆಳಗಾವಿ, ಧಾರವಾಡ ಸೇರಿದ ದಕ್ಷಿಣ ಮರಾಠಾ ಸೀಮೆಯ ಹೊಲಗಳ ಅಳತೆ ನಡೆಯಿತು. ಪ್ರತಿ ಹೊಲಕ್ಕೂ ಸರ್ವೆ ನಂಬರು ಬಂತು. 1903ರಲ್ಲಿ ಮುಂಬಯಿ ಸರ್ಕಾರವು ಹಕ್ಕುದಾಖಲೆಯ ಕಾಯ್ದೆ ತಂದಿತು. ಊರಲ್ಲಿ ಇವೆಲ್ಲವನ್ನೂ ಬರೆಯುತ್ತಿದ್ದವನು ಕುಲಕರ್ಣಿ. ಅವನದು ವಂಶಪಾರಂಪರ್ಯದ ವತನ. ಖಾನಾಪುರ ಭಾಗದ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿ ಈಗಲೂ ಕಾಣಸಿಗುತ್ತದೆ. ಓದಬಲ್ಲವರು ಕೆಲವರೇ. ಓದಬಲ್ಲವನ ಮಾತೇ ದಾಖಲೆಯಾಗಿತ್ತು.

1950ರ ಕಾಯ್ದೆಯಿಂದ ಮುಂಬಯಿ ರಾಜ್ಯದಲ್ಲಿ ಕುಲಕರ್ಣಿ ವತನಗಳು ರದ್ದಾದವು. ಸಂಬಳದ ತಲಾಠಿ ಬಂದ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಭೂ ಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಪದ್ಧತಿ ತಂದಿತು. ತಲಾಠಿ ಗ್ರಾಮಲೆಕ್ಕಿಗನಾದ, ಈಚೆಗೆ ಗ್ರಾಮ ಆಡಳಿತ ಅಧಿಕಾರಿ ಎನಿಸಿದ. ನಮ್ಮ ಹಿರಿಯರು 'ಉತಾರ' ಎನ್ನುವ ಕಾಗದ ಆರ್.ಟಿ.ಸಿ. ಅಥವಾ ಪಹಣಿ ಎನಿಸಿತು.

ಈ ಕಾಯ್ದೆಯಲ್ಲಿ ಎರಡು ವಿಚಾರಗಳಿವೆ. ಹಕ್ಕು ಬದಲಾವಣೆಯಾಗುವಾಗ ಅದರ ಪ್ರತಿಯನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು, ಸಂಬಂಧಪಟ್ಟವರಿಗೆ ಲಿಖಿತ ಸೂಚನೆ ಕೊಡಬೇಕು, ತಕರಾರಿಗೆ ಅವಕಾಶವಿರಬೇಕು ಎಂಬುದು ಒಂದು. ಹಾಗೆ ದಾಖಲಾದದ್ದನ್ನು, ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದೇ ಭಾವಿಸಬೇಕು ಎಂಬುದು ಇನ್ನೊಂದು. ಮೊದಲನೆಯದು ಸರಿಯಾಗಿ ನಡೆದರೆ ಎರಡನೆಯದು ನ್ಯಾಯ. ಮೊದಲನೆಯದು ಹೆಸರಿಗಷ್ಟೇ ಆದರೆ ಎರಡನೆಯದು ಬಡವನ ಕೊರಳಿಗೆ ಉರುಳು.

'ಭೂಮಿ' ಬಂದ ಕಾಲ

1990ರ ದಶಕದ ಕೊನೆಗೆ ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರು ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಲ್ಲಿ ಇಟ್ಟುಕೊಂಡಿದ್ದರು. ಆ ಪುಸ್ತಕಗಳು ಅವರ ವಶದಲ್ಲೇ ಇರುತ್ತಿದ್ದವು. ಒಂದು ನಕಲು ಬೇಕೆಂದರೆ ರೈತನು ಅವರನ್ನು ಹುಡುಕಿಕೊಂಡು ಹೋಗಬೇಕು. ಕೈ ಬಿಸಿ ಮಾಡದೆ ಕಾಗದ ಸಿಗುವುದು ಅಪರೂಪ ಎಂಬ ದೂರು ಸಾಮಾನ್ಯವಾಗಿತ್ತು.

ಆಗ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ 'ಭೂಮಿ' ಯೋಜನೆಯನ್ನು ಕೈಗೆತ್ತಿಕೊಂಡಿತು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅದರ ನೇತೃತ್ವ ವಹಿಸಿದ್ದರು. 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ರೈತ ತಾಲ್ಲೂಕು ಕಚೇರಿಯ ಕಿಟಕಿಗೆ ಹೋಗಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. 1998ರಲ್ಲಿ ಬೆಳಗಾವಿಯನ್ನೇ ಕೇಂದ್ರವಾಗಿಸಿಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆರಂಭವಾದದ್ದೂ ಇದೇ ಕಾಲದಲ್ಲಿ. ಒಂದೆಡೆ ಕಂಪ್ಯೂಟರ್ ಕಲಿತವರು ತಯಾರಾಗುತ್ತಿದ್ದರು, ಇನ್ನೊಂದೆಡೆ ಜನರ ಬದುಕು ಕಂಪ್ಯೂಟರಿನೊಳಗೆ ಹೋಗುತ್ತಿತ್ತು.

ಭೂಮಿಯನ್ನು ರೂಪಿಸಿದವರು ಹೊಣೆಯ ಬಗ್ಗೆ ಯೋಚಿಸಿದ್ದರು ಎಂಬುದನ್ನು ಒಪ್ಪಬೇಕು. ಕಂಪ್ಯೂಟರಿಗೆ ತುಂಬಿದ ಮಾಹಿತಿಯನ್ನು ಮುದ್ರಿಸಿ ಮೂಲ ಪುಸ್ತಕದೊಂದಿಗೆ ಗ್ರಾಮಲೆಕ್ಕಿಗರಿಂದ ತಾಳೆ ನೋಡಿಸಿದರು. ದಾಖಲೆ ಬದಲಿಸುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂದು ನಿಯಮ ಮಾಡಿದರು. ಯಾರು ಬದಲಿಸಿದರು ಎಂಬುದು ಉಳಿಯಲಿ ಎಂಬುದೇ ಇದರ ಉದ್ದೇಶ. ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಒಬ್ಬರನ್ನು ಹಿಂದಿಟ್ಟು ಇನ್ನೊಬ್ಬರನ್ನು ಮುಂದೆ ತರುವಂತಿಲ್ಲ ಎಂಬ ಏರ್ಪಾಟನ್ನೂ ತಂತ್ರಾಂಶದಲ್ಲೇ ಮಾಡಿದರು. ನೀತಿಯನ್ನು ಭಾಷಣದಲ್ಲಿ ಬಿಡದೆ ಯಂತ್ರದ ಕೆಲಸದಲ್ಲಿ ಹೆಣೆದದ್ದು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಭ್ಯಾಸ ಮಾಡಬೇಕಾದ ಸಂಗತಿ.

ತಪ್ಪು ಎಲ್ಲಿ ಉಳಿಯಿತು?

ಆದರೆ ಕಂಪ್ಯೂಟರ್ ತನಗೆ ಕೊಟ್ಟದ್ದನ್ನಷ್ಟೇ ಹಿಂತಿರುಗಿಸುತ್ತದೆ. ಪುಸ್ತಕದಲ್ಲಿದ್ದ ಹಳೆಯ ತಪ್ಪು ಹಾಗೆಯೇ ಒಳಗೆ ಹೋಯಿತು. ಬೆರಳಚ್ಚು ಮಾಡುವಾಗ ಕೆಲವು ಹೊಸ ತಪ್ಪುಗಳೂ ಸೇರಬಲ್ಲವು. ಮೊದಲು ಊರಲ್ಲೇ ಮುಖಾಮುಖಿ ಮಾತಾಡಿ ತಿದ್ದಿಸಬಹುದಾಗಿದ್ದ ಒಂದು ಅಕ್ಷರಕ್ಕೆ ಈಗ ಅರ್ಜಿ, ದಾಖಲೆ, ತಾಲ್ಲೂಕು ಕಚೇರಿಯ ಅಲೆದಾಟ ಬೇಕು. ಅಧಿಕಾರ ಹಳ್ಳಿಯಿಂದ ತಾಲ್ಲೂಕಿಗೆ ಸರಿದು ದೊಡ್ಡ ಹಣವಂತರಿಗೆ ಜಮೀನಿನ ಮಾಹಿತಿ ಸುಲಭವಾಯಿತು, ಸಣ್ಣವರಿಗೆ ಹಳೆಯ ದಾರಿಗಳು ಮುಚ್ಚಿದವು ಎಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರ 2007ರ ಅಧ್ಯಯನವು ಆಕ್ಷೇಪಿಸಿತು. ಈ ಆಕ್ಷೇಪವನ್ನು ಪೂರ್ತಿ ಒಪ್ಪದವರೂ ಅದು ಎತ್ತಿದ ಪ್ರಶ್ನೆಯನ್ನು ಬದಿಗೆ ಸರಿಸಲಾರರು.

ಖಾನಾಪುರದಂಥ ತಾಲ್ಲೂಕಿನಲ್ಲಿ ಇದು ಇನ್ನೂ ಸೂಕ್ಷ್ಮ. ಇಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಆಡುವವರಿದ್ದಾರೆ. ಒಂದೇ ಹೆಸರು ಒಂದೊಂದು ಲಿಪಿಯಲ್ಲಿ ಒಂದೊಂದು ರೂಪ ತಾಳುತ್ತದೆ. ಉದಾಹರಣೆಗೆ, ಪಹಣಿಯ 9ನೇ ಕಾಲಮ್ಮಿನಲ್ಲಿ 'ಇಮಾಮಸಾಬ', ಆಧಾರದಲ್ಲಿ 'ಇಮಾಮ್ ಸಾಹೇಬ್', ಶಾಲೆಯ ದಾಖಲೆಯಲ್ಲಿ 'ಇಮಾಮಹುಸೇನ' ಎಂದಿದ್ದರೆ ಊರಿನವರಿಗೆಲ್ಲ ಅವನು ಒಬ್ಬನೇ ಮನುಷ್ಯ. ಕಂಪ್ಯೂಟರಿಗೆ ಮೂವರು. 2024ರಲ್ಲಿ ಕಂದಾಯ ಇಲಾಖೆಯು ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ನಡೆಸಿತು. ಅದೇ ವರ್ಷ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಡುವ 'ಭೂ ಸುರಕ್ಷಾ' ಕೆಲಸವೂ ಆರಂಭವಾಯಿತು. ಮೂಲ ಕಾಗದ ಉಳಿಯುವುದು ಒಳ್ಳೆಯದೇ. ಆದರೆ ಎರಡು ದಾಖಲೆ ತಾಳೆಯಾಗದಿದ್ದಾಗ ಮನುಷ್ಯನನ್ನು ನೋಡಿ ತೀರ್ಮಾನಿಸುವವನು ಕುರ್ಚಿಯಲ್ಲಿ ಇರಲೇಬೇಕು.

ಬ್ರಿಟನ್ನಿನ ಅಂಚೆ ಕಚೇರಿಗಳ ಪಾಠ

'ಕಂಪ್ಯೂಟರ್ ಹೇಳಿದೆ' ಎಂಬ ಮಾತನ್ನು ಕಣ್ಣುಮುಚ್ಚಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಭೂಮಿಯ ಕಾಲದಲ್ಲೇ ದೂರದ ಬ್ರಿಟನ್ನಿನಲ್ಲಿ ಒಂದು ಘಟನೆ ಆರಂಭವಾಗಿತ್ತು. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶ ಬಂತು. ಅದನ್ನು ಒದಗಿಸಿದ್ದು ಮುಂದೆ ಫುಜಿತ್ಸು ಎನಿಸಿದ ಸಂಸ್ಥೆ. ಸಣ್ಣ ಊರುಗಳ ಅಂಚೆ ಕಚೇರಿ ನಡೆಸುತ್ತಿದ್ದವರ ಲೆಕ್ಕದಲ್ಲಿ ಹಣ ಕಡಿಮೆ ಇದೆಯೆಂದು ಕಂಪ್ಯೂಟರ್ ತೋರಿಸತೊಡಗಿತು. ತಾವು ಕದ್ದಿಲ್ಲವೆಂದು ಅವರು ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. 2015ರವರೆಗೆ 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿದರು. ಕೆಲವರು ಜೈಲಿಗೆ ಹೋದರು, ಕೆಲವರು ಮನೆ ಮಾರಿದರು, ಕೆಲವರು ಪ್ರಾಣ ಕಳೆದುಕೊಂಡರು. ಇವರಲ್ಲಿ ದಕ್ಷಿಣ ಏಷ್ಯಾ ಮೂಲದವರೂ ಬಹಳ ಜನ.

ಆಲನ್ ಬೇಟ್ಸ್ ಎಂಬ ಮಾಜಿ ಅಂಚೆ ನಿರ್ವಾಹಕರು ಸಂಗಡಿಗರನ್ನು ಕಟ್ಟಿಕೊಂಡು ಹೋರಾಡಿದರು. 2019ರಲ್ಲಿ ಅಲ್ಲಿನ ಹೈಕೋರ್ಟು ತಂತ್ರಾಂಶದಲ್ಲೇ ದೋಷಗಳಿದ್ದವೆಂದು ತೀರ್ಪಿತ್ತಿತು. 2024ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ರದ್ದುಗೊಳಿಸಿತು. ದೋಷ ತಂತ್ರಾಂಶದಲ್ಲಿತ್ತು ನಿಜ. ಆದರೆ ದೋಷವಿದೆಯೆಂದು ಬಲ್ಲ ಪರಿಣತರು ಬಾಯಿ ಬಿಡದಿದ್ದುದು ಅದಕ್ಕಿಂತ ದೊಡ್ಡ ಅಪರಾಧ. ಬಲ್ಲವನು ಸಾಕ್ಷ್ಯವನ್ನು ಮುಚ್ಚಿಡಬಾರದು ಎಂಬುದೂ ಕುರ್‌ಆನ್ ಕಲಿಸಿದ ಪಾಠವೇ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಒಂದು ಎಚ್ಚರ ವಹಿಸಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಜೊತೆಗೆ ಸಾಕ್ಷ್ಯ ಕಾಯ್ದೆಗೆ 65ಬಿ ಕಲಮನ್ನು ಸೇರಿಸಲಾಯಿತು. ಕಂಪ್ಯೂಟರಿನಿಂದ ತೆಗೆದ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಆ ಯಂತ್ರದ ಹೊಣೆ ಹೊತ್ತ ವ್ಯಕ್ತಿ ಪ್ರಮಾಣಪತ್ರಕ್ಕೆ ಸಹಿ ಮಾಡಬೇಕು. 2020ರಲ್ಲಿ ಸುಪ್ರೀಂ ಕೋರ್ಟು ಇದು ಕಡ್ಡಾಯವೆಂದು ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಪರಿಣತನೊಬ್ಬನ ಸಹಿಯನ್ನೂ ಕೇಳುತ್ತದೆ. ಯಂತ್ರಕ್ಕೆ ನಾಲಗೆಯಿಲ್ಲ, ಅದರ ಪರವಾಗಿ ಮನುಷ್ಯನೇ ಸಾಕ್ಷಿ ಹೇಳಬೇಕು ಎಂಬುದು ಇದರ ಸಾರ.

ಆವರಣ ಚಿಹ್ನೆಯೊಳಗಿನ ಒಂದು ಹೆಸರು

ನಮ್ಮ ಸಮುದಾಯವೇ ಯೋಚಿಸಬೇಕಾದ ಒಂದು ಉದಾಹರಣೆ ನೆರೆಯ ವಿಜಯಪುರ ಜಿಲ್ಲೆಯಲ್ಲಿದೆ. 2024ರ ಅಕ್ಟೋಬರಿನಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡದ ರೈತರು ತಮ್ಮ ಜಮೀನು ವಕ್ಫ್ ಆಸ್ತಿಯಾಗುತ್ತಿದೆ ಎಂದು ಆತಂಕಗೊಂಡರು. ಸಚಿವ ಎಂ. ಬಿ. ಪಾಟೀಲರು ನೀಡಿದ ವಿವರಣೆಯಂತೆ, 1974ರ ಗೆಜೆಟ್ಟಿನಲ್ಲಿ ವಿಜಯಪುರದ ಮಹಲಬಾಗಾಯತ ಪ್ರದೇಶದ ಮುಂದೆ ಆವರಣ ಚಿಹ್ನೆಯೊಳಗೆ 'ಹೊನವಾಡ' ಎಂದು ತಪ್ಪಾಗಿ ಅಚ್ಚಾಗಿತ್ತು. 1977ರಲ್ಲೇ ಅದರ ತಿದ್ದುಪಡಿಯೂ ಆಗಿತ್ತು. ಆದರೂ ಆ ಒಂದು ಶಬ್ದ ಸುಮಾರು 50 ವರ್ಷಗಳ ನಂತರ ಊರೂರಲ್ಲಿ ಕಿಚ್ಚೆಬ್ಬಿಸಿತು. ಜಿಲ್ಲೆಯ ಇತರ ಕಡೆ ಪಹಣಿಯ 11ನೇ ಕಾಲಮ್ಮಿನ ನಮೂದುಗಳ ಬಗ್ಗೆಯೂ ತಕರಾರು ಬಂತು. ನವೆಂಬರಿನಲ್ಲಿ ಮುಖ್ಯಮಂತ್ರಿಗಳು ರೈತರಿಗೆ ಕೊಟ್ಟ ನೋಟೀಸುಗಳನ್ನು ಹಿಂಪಡೆಯಲು ಸೂಚಿಸಿದರು.

ಇದರ ರಾಜಕೀಯವನ್ನು ಬದಿಗಿಟ್ಟು ದಾಖಲೆಯನ್ನಷ್ಟೇ ನೋಡಿ. ತಪ್ಪು ನಮೂದಿನಿಂದ ರೈತನಿಗೆ ನಿದ್ದೆಯಿಲ್ಲ. ಅದೇ ತಪ್ಪಿನಿಂದ ನಿಜವಾದ ವಕ್ಫ್ ಆಸ್ತಿಯ ಮೇಲೂ ಸಂಶಯ ಬೀಳುತ್ತದೆ, ಅಕ್ಕಪಕ್ಕದವರ ನಡುವೆ ವಿಶ್ವಾಸ ಹಾಳಾಗುತ್ತದೆ. ವಕ್ಫ್ ಎಂದರೆ ಅಲ್ಲಾಹನ ಹೆಸರಿನಲ್ಲಿ ಬಿಟ್ಟ ಆಸ್ತಿ. ಇನ್ನೊಬ್ಬರ ಹೊಲ ತಪ್ಪಾಗಿ ಅದರಲ್ಲಿ ಸೇರಿದರೆ ಅದರಿಂದ ಬರಕತ್ತು ಬಾರದು. ನಮ್ಮದಾಗಬೇಕಾದ ಒಂದು ಗುಂಟೆ ಖಬರಸ್ತಾನ ಬಿಟ್ಟುಹೋದರೂ ಅನ್ಯಾಯವೇ. 2025ರ ಜೂನಿನಲ್ಲಿ ವಕ್ಫ್ ಆಸ್ತಿಗಳ ನೋಂದಣಿಗೆ ಕೇಂದ್ರ ಸರ್ಕಾರ 'ಉಮೀದ್' ಪೋರ್ಟಲ್ ತೆರೆದಾಗ ಹಳೆಯ ಕಾಗದಗಳನ್ನು ಓದಿ, ಸರ್ವೆ ನಂಬರು ತಾಳೆ ನೋಡಿ ತುಂಬುವ ಕೆಲಸ ಮಸೀದಿ, ದರ್ಗಾಗಳ ಮುತವಲ್ಲಿಗಳ ಮೇಲೆ ಬಿತ್ತು. ಇಂಥ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು ನೆರವಾಗಬೇಕಾದವರು ನಮ್ಮ ಓದಿದ ಮಕ್ಕಳು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಕೈಯಲ್ಲಿರುವುದು

ಅಮೆರಿಕದ ಕಂಪ್ಯೂಟರ್ ಪರಿಣತರ ಸಂಘವಾದ ಎ.ಸಿ.ಎಂ. 1972ರಲ್ಲಿ ವೃತ್ತಿನೀತಿಯ ಸಂಹಿತೆಯನ್ನು ಅಂಗೀಕರಿಸಿತು. 1992ರಲ್ಲಿ, ಮತ್ತೆ 2018ರಲ್ಲಿ ಅದನ್ನು ಹೊಸದಾಗಿಸಿತು. ಸಮಾಜದ ಹಿತವೇ ಮೊದಲು ಎಂಬುದು ಅದರ ತಿರುಳು. ಅದನ್ನು ಓದಿರಿ. ಅದರೊಂದಿಗೆ, ಮೇಲಿನ ಇತಿಹಾಸದಿಂದ ಹೊರಡುವ ಈ ಕೆಲವು ಮಾತುಗಳನ್ನೂ ಮನಸ್ಸಿನಲ್ಲಿಡಿ.

ಮೊದಲನೆಯದು, ಓದಿ ಹೇಳಿದ ಮೇಲೆಯೇ ಉಳಿಸಿ. ನೀವು ಸೈಬರ್ ಕೇಂದ್ರದಲ್ಲಿರಲಿ, ಗ್ರಾಮ ಒನ್ ಕೇಂದ್ರದಲ್ಲಿರಲಿ, ಅಕ್ಷರ ಬಾರದ ತಾಯಿಯೊಬ್ಬಳ ಅರ್ಜಿ ತುಂಬುವಾಗ ಬರೆದದ್ದನ್ನು ಆಕೆಯ ಮಾತಿನಲ್ಲೇ ಓದಿ ಹೇಳಿ. ಆಕೆ ಹೂಂ ಎಂದ ಮೇಲೆ ಬಟನ್ ಒತ್ತಿ. ಬರಹದ ಭಾರ ಹೊರುವವನು ಅದನ್ನು ಬಲ್ಲವನಾಗಿರಬೇಕು ಎಂಬ ಸೂತ್ರ ಇದೇ.

ಎರಡನೆಯದು, ನಿಮ್ಮ ಪಾಸ್‌ವರ್ಡ್ ನಿಮ್ಮ ರುಜು. ಸಾಹೇಬರು ಕೇಳಿದರೆಂದೋ, ಗೆಳೆಯ ಕೇಳಿದನೆಂದೋ ಅದನ್ನು ಕೊಟ್ಟರೆ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟಂತೆ.

ಮೂರನೆಯದು, ತಪ್ಪು ತಿದ್ದುವ ಬಾಗಿಲನ್ನು ಮೊದಲೇ ಇಡಿ. ತಂತ್ರಾಂಶ ಬರೆಯುವವರು ಮಾಹಿತಿ ತುಂಬುವ ದಾರಿಯನ್ನು ಚೆಂದಾಗಿ ಮಾಡುತ್ತಾರೆ, ತಿದ್ದುವ ದಾರಿಯನ್ನು ಮರೆಯುತ್ತಾರೆ. ಬಡವನಿಗೆ ಬೇಕಾಗುವುದು ಎರಡನೆಯ ದಾರಿ.

ನಾಲ್ಕನೆಯದು, ದೋಷ ಕಂಡರೆ ಮೇಲಿನವರಿಗೆ ಬರವಣಿಗೆಯಲ್ಲಿ ತಿಳಿಸಿ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ (ಸ) ಅವರು ಕೈಯಿಟ್ಟಾಗ ಒಳಗೆ ಒದ್ದೆ ಕಂಡ ಪ್ರಸಂಗ ನಿಮಗೆ ಗೊತ್ತು. ಒದ್ದೆ ಧಾನ್ಯವನ್ನು ಮೇಲೆಯೇ ಇಡಬೇಕಿತ್ತು ಎಂಬುದು ಅವರ ಬೋಧನೆ. ತಂತ್ರಾಂಶದ ದೋಷವೂ ಒದ್ದೆ ಧಾನ್ಯವೇ. ಕೆಳಗೆ ಮುಚ್ಚಿಟ್ಟರೆ ರಾಶಿಯೆಲ್ಲ ಕೊಳೆಯುತ್ತದೆ.

ಐದನೆಯದು, ಜನರ ಮಾಹಿತಿಯನ್ನು ಅವರ ಮನೆಯ ಮಾತಿನಂತೆ ಕಾಯಿರಿ. ಒಬ್ಬರ ಆಧಾರ್ ಪ್ರತಿ, ಫೋನ್ ನಂಬರು, ಫೋಟೋ ನಿಮ್ಮ ಮೊಬೈಲಿನಲ್ಲಿ ಉಳಿಯುವ ಕಾರಣವಿಲ್ಲ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನು ಕಾನೂನಿನ ಮಾತಾಗಿಸಿದೆ. ನಮಗೆ ಅದು ಅದಕ್ಕೂ ಮೊದಲೇ ಧರ್ಮದ ಮಾತು.

ಸಂಘದ ಹಿರಿಯ ಸದಸ್ಯರಿಗೂ ಒಂದು ವಿನಂತಿ. ಹಾಸ್ಟೆಲಿನಲ್ಲಿ, ಕಂಪ್ಯೂಟರ್ ತರಗತಿಯಲ್ಲಿ ಮಕ್ಕಳಿಗೆ ಕೀಲಿಮಣೆ ಕಲಿಸುವಾಗ ಒಂದು ದಿನ ಒಂದು ಹಳೆಯ ಉತಾರವನ್ನೂ ಇಂದಿನ ಪಹಣಿಯನ್ನೂ ಮುಂದಿಟ್ಟು ಓದಿಸಿ. ಒಂದು ಅಕ್ಷರದ ಬೆಲೆ ಏನೆಂದು ಅವರಿಗೆ ತಿಳಿಯಲಿ. ಮನೆಯಲ್ಲಿ ನಿಮ್ಮ ನಿಮ್ಮ ದಾಖಲೆಗಳ ಹೆಸರುಗಳನ್ನೂ ತಾಳೆ ನೋಡಿಸಿ. ಹೆಣ್ಣುಮಕ್ಕಳ ಪಾಲು ನಮೂದಾಗಿದೆಯೇ ಎಂಬುದನ್ನು ವಿಶೇಷವಾಗಿ ನೋಡಿ.

ಕುಲಕರ್ಣಿಯ ಕಾಲದಲ್ಲಿ ಒಂದು ತಪ್ಪು ಒಂದು ಊರಿನ ಕಟ್ಟಿನಲ್ಲಿ ಉಳಿಯುತ್ತಿತ್ತು. ಇಂದು ಅದು ಒಂದು ಗಳಿಗೆಯಲ್ಲಿ ಬ್ಯಾಂಕಿಗೆ, ರೇಷನ್ ಅಂಗಡಿಗೆ, ಕೋರ್ಟಿಗೆ ತಲುಪುತ್ತದೆ. ಆದ್ದರಿಂದ ಇಂದಿನ ಕಾತಿಬನು ಹಿಂದಿನವನಿಗಿಂತ ಹೆಚ್ಚು ಎಚ್ಚರವಾಗಿರಬೇಕು. ನಮ್ಮ ಕೈಗೆ ಬಂದ ಪ್ರತಿಯೊಬ್ಬರ ಅಮಾನತ್ತನ್ನು ನ್ಯಾಯದಿಂದ ಕಾಯುವ ಶಕ್ತಿಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.